ಕ್ಲೈಡ್ ನಾರ್ತ್ ಕಾಲುವೆಗೆ ಹಾಲಿನ ಅಭಿಷೇಕ ಮಾಡಿಸಿದ ಬಿಲ್ಡರ್ ಮಹಾಶಯರಿಗೆ

ಅಕ್ಟೋಬರ್ 2009

ಮಾನ್ಯರೇ,

ಕ್ಲೈಡ್ ನಾರ್ತ್‌ನ ಹುಲ್ಲುಗಾವಲನ್ನು ಬಡಾವಣೆ ಮಾಡುತ್ತಿರುವ ತಮಗೂ, ತಮ್ಮ ಲಾರಿಗಳಿಗೂ, ಅವುಗಳ ಬೆನ್ನ ಮೇಲೆ ಗಿರಗಿರನೆ ತಿರುಗುವ ಕಾಂಕ್ರೀಟ್ ಡ್ರಮ್ಮುಗಳಿಗೂ, ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾಗಿ ಈಗ ಈ ಪರದೇಶದಲ್ಲಿ ಮಗಳ ಮನೆಯಲ್ಲಿರುವ ವೇದಾವತಿಯ ಅನಂತ ನಮಸ್ಕಾರಗಳು.

ನಮ್ಮ ಬೀದಿಯ ಹಿಂದಿನ ಕಾಲುವೆಯಲ್ಲಿ ಗ್ಯಾಲಾಕ್ಸಿಯಾಸ್ ಎಂಬ ಮೀನಿದೆ. ಕಿರುಬೆರಳಿಗಿಂತ ಚಿಕ್ಕದು, ಗಂಡಿನ ಪಕ್ಕೆಯಲ್ಲೊಂದು ಕಿತ್ತಳೆ ಗೆರೆ, ಬದುಕಲು ಅದಕ್ಕೆ ಉಳಿದಿರುವ ಜಾಗಗಳೂ ಕಡಿಮೆ. ಇಂಥ ಬಡಪಾಯಿಗೆ ಕಳೆದ ವರ್ಷ ಆಗಸ್ಟ್‌ನಲ್ಲಿ ತಾವು ಕ್ಷೀರಾಭಿಷೇಕ ಮಾಡಿಸಿದ ಔದಾರ್ಯವನ್ನು ಹೇಗೆ ಮರೆಯಲಿ? ವಾಕಿಂಗ್ ಹೊರಟಿದ್ದ ನಾನು, ಬೆಳ್ಳಗಾಗಿದ್ದ ನೀರನ್ನೂ ಅದರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳನ್ನೂ ಕಂಡು ಗಾಬರಿಯಾಗಿ, ಪಕ್ಕದ ಬಾಡಿಗೆ ಮನೆಯ ಸಂಪತ್ ಮತ್ತು ಹರ್ಷಿತಾ ದಂಪತಿಯನ್ನು ಕರೆತಂದೆ. ಅದು ಬರೀ ಮಳೆನೀರು ಎಂದು ತಮ್ಮ ಸೂಪರ್‌ವೈಸರ್ ನಗುತ್ತ ವಿವರಿಸಿದರು. ಆಕಾಶದಿಂದ ಸಿಮೆಂಟು ಸುರಿಯುವ ಸಂಗತಿ ನನ್ನ ಕಾಲದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲವಾದ್ದರಿಂದ ನನ್ನ ಅಜ್ಞಾನವನ್ನು ಮನ್ನಿಸಬೇಕು.

ತೊಂದರೆ ಏನೆಂದರೆ, ಆ ಲಾರಿ ಬಂದದ್ದೇ ತಾವು ಕಟ್ಟಿಕೊಡುತ್ತಿದ್ದ ಸಂಪತ್‌ನ ಹೊಸ ಮನೆಯ ತಳಪಾಯಕ್ಕೆ. ಕೆಲಸ ಮುಗಿಸಿ, ಡ್ರಮ್ಮು ತೊಳೆದ ನೀರನ್ನು ಕಾಲುವೆಗೆ ಬಿಟ್ಟಿತ್ತು. ದೂರು ಕೊಟ್ಟರೆ ಅವನ ಮನೆಯ ಕೆಲಸವೇ ನಿಂತುಹೋಗುತ್ತದೆ. ಹರ್ಷಿತಾ ಬಸುರಿ, ಕೂಸನ್ನು ಹೊಸ ಮನೆಗೇ ಕರೆತರಬೇಕೆಂದು ಇಬ್ಬರಿಗೂ ಆಸೆ. ಸಂಪತ್ ಫೋನ್ ತೆಗೆದವನು ಮತ್ತೆ ಜೇಬಿಗಿಟ್ಟ. ಹರ್ಷಿತಾ ನೀರನ್ನೊಮ್ಮೆ ನೋಡಿ, "ಮನೆ ಲೇಟಾದ್ರೆ ಆಗ್ಲಿ, ನೀನು ಮೊದ್ಲು ಕಂಪ್ಲೇಂಟ್ ಮಾಡು" ಎಂದಳು.

ಅಧಿಕಾರಿಗಳು ಬಂದರು, ಮರಳುಚೀಲಗಳನ್ನು ಒಡ್ಡಿದರು, ಉಸಿರಿದ್ದ ಮೀನುಗಳನ್ನು ಬಲೆಯಲ್ಲಿ ಹಿಡಿದು ಮೇಲಿನ ಮಡುವಿಗೆ ಬಿಟ್ಟರು. ಅವರೊಂದಿಗೆ ಬಕೆಟ್ ಹೊತ್ತವನು ಸಂಪತ್. ತಮ್ಮ ಕೆಲಸ ನಿಂತಿತು. ಕೂಸು ಬಾಡಿಗೆ ಮನೆಗೇ ಬಂತು, ಅಲ್ಲೇ ಮಗುಚಿಕೊಂಡಿತು, ಅಲ್ಲೇ ಅಂಬೆಗಾಲಿಟ್ಟಿತು. ಈ ಸೆಪ್ಟೆಂಬರಿನಲ್ಲಿ, ಇಲ್ಲಿಯ ವಸಂತದಲ್ಲಿ, ಮಡುವಿನ ತುಂಬ ಮರಿಗಳು ಕಂಡಾಗ ಹರ್ಷಿತಾ ದಂಡೆಯಲ್ಲಿ ಕೂತು ಬಹಳ ಹೊತ್ತು ಏಳಲೇ ಇಲ್ಲ.

ಈಗ ತಮ್ಮ ಲಾರಿಗಳು ಮತ್ತೆ ಬಂದಿವೆ. ಅವನ್ನು ತೊಳೆಯಲು ಬೇರೊಂದು ಗುಂಡಿ ತೋಡುವುದು ತಮ್ಮಂಥವರಿಗೆ ಕಷ್ಟವಾದರೆ, ದಯಮಾಡಿ ಮರಿಗಳಿಗೆಲ್ಲ ಹೆಲ್ಮೆಟ್ಟು, ಗಂಬೂಟು ಹಂಚಿ ಸೇಫ್ಟಿ ಟ್ರೈನಿಂಗ್ ಕೊಡಿಸಿ. ಸಿಮೆಂಟಿನಲ್ಲಿ ಉಸಿರಾಡುವ ಕ್ರಮವನ್ನು ಸೂಪರ್‌ವೈಸರ್ ಅವರೇ ಮೊದಲು ಮುಳುಗಿ ತೋರಿಸಲಿ.

ಕಾಲುವೆಯ ಕೆಳಭಾಗದಿಂದ,
ತಮ್ಮ ವಿಶ್ವಾಸಿ,
ವೇದಾವತಿ

ವಿ.ಸೂ.: "ಅಪರೂಪದ ಮೀನಿನ ನೆರೆಯಲ್ಲಿ ನಿಮ್ಮ ಕನಸಿನ ಮನೆ" ಎಂಬ ತಮ್ಮ ಹೊಸ ಫಲಕ ಬಹಳ ಚೆನ್ನಾಗಿದೆ. ಅದರಲ್ಲಿರುವುದು ಮಾತ್ರ ಗೋಲ್ಡ್‌ಫಿಶ್.