ಚೊಗರು ಕುಡಿದ ಜೀಪು

ನಮ್ಮ ಸೋದರಮಾವನಿಗೆ ಹೆಂಡತಿಗಿಂತ ಜೀಪಿನ ಮೇಲೆ ಪ್ರೀತಿ ಹೆಚ್ಚು ಎಂದು ಚನ್ನಗಿರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿಷಯದ ವಿರುದ್ಧವೇ ಮಾತಾಡಿ ಸ್ಟೀಲಿನ ಲೋಟ, ತಟ್ಟೆ ಗೆದ್ದು ತಂದವಳು ನಾನು; ಊರಿಗೆ ಊರೇ ಒಂದೇ ಮಾತು ಹೇಳಿದರೆ ನನಗೆ ಅನುಮಾನ ಶುರುವಾಗುತ್ತದೆ. ನನ್ನ ಮೊದಲ ಆಕ್ಷೇಪಣೆ ಇದು: ಅಷ್ಟು ಪ್ರೀತಿ ಇದ್ದವನು ಒಂದು ಸಲವಾದರೂ ಓಡಿಸಬೇಡವೇ? ನಮ್ಮ ಮಾವನಿಗೆ ಜೀಪು ಓಡಿಸಲು ಬರುತ್ತಲೇ ಇರಲಿಲ್ಲ!

ಅಡಿಕೆ ವ್ಯಾಪಾರಕ್ಕೆಂದು ಕೆರೆಬಿಳಚಿ, ತ್ಯಾವಣಿಗೆ ಸುತ್ತುವಾಗ ಅವನು ಹೋಗುತ್ತಿದ್ದುದು ಸೈಕಲ್ಲಿನಲ್ಲಿ, ಇಲ್ಲವೇ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು. ಮಿಲಿಟರಿಯವರು ಹರಾಜು ಹಾಕಿದ ಆ ಹಳೇ ಜೀಪು ಮದುವೆಯ ಹೊತ್ತಿಗೆ ಅತ್ತೆಯ ತವರು ಸೊಕ್ಕೆಯಿಂದ ಬಂದದ್ದು. ಬಂದ ಸ್ವಲ್ಪ ದಿನಕ್ಕೇ ಅಂಗಳದ ಮೂಲೆಯಲ್ಲಿ, ಗೋಡೆಯಿಲ್ಲದ ತಗಡಿನ ಚಪ್ಪರದಡಿ ನಿಂತಿತು. ನಿಂತೇ ಇತ್ತು. ನಾನು ಕಾಲೇಜಿಗೆಂದು ಅವರ ಮನೆಯಲ್ಲಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ, ಸ್ವಂತ ಗಾಡಿ ಇದ್ದವರ ಮನೆಯನ್ನು ಜನ ಬೆರಳು ಮಾಡಿ ತೋರಿಸುತ್ತಿದ್ದರು. ನಮ್ಮ ಮನೆಯನ್ನೂ ತೋರಿಸುತ್ತಿದ್ದರು. ಕಾರಣ ಮಾತ್ರ ಬೇರೆ!

ಮಳೆಗಾಲದಲ್ಲಿ ಮಾವ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದೀಪಾವಳಿ ಕಳೆದು ಇಬ್ಬನಿ ಬೀಳತೊಡಗಿತೋ, ಶುರು!

"ಮಳೆಗಾಲದಾಗೆ ತುಕ್ಕು ಡೋಲು ಬಡ್ಕಂಡು ಬರ್ತೈತೆ. ಚಳಿಗಾಲದಾಗೆ ಹಂಗಲ್ಲ ಲಾಯರಮ್ಮ, ಬೆಕ್ಕಿನಂಗೆ ಬಂದು ಕುಂತ್ಕಂತೈತೆ" ಎನ್ನುವನು ನನಗೆ.

ಬೆಕ್ಕನ್ನು ಓಡಿಸಲು ಹೊಂಗೆ ಎಣ್ಣೆ ಬಳಿದ. ಊರಿನ ಧೂಳೆಲ್ಲ ಬಂದು ಅದರ ಮೇಲೆ ಕೂತಿತು. ಹುಲ್ಲು ಬೆಳೆಯುವುದೊಂದು ಬಾಕಿ. ಧೂಳು ಕೂರದಿರಲೆಂದು ಜಗಳೂರು ಕಡೆಯ ಕರೀ ಕಂಬಳಿ ಹೊದಿಸಿದ. ಅದು ಇಬ್ಬನಿಯನ್ನು ಚೆನ್ನಾಗಿ ಹೀರಿ, ಜ್ವರದವರ ಹಣೆಯ ಒದ್ದೆ ಬಟ್ಟೆಯ ಹಾಗೆ ಜೀಪಿಗೆ ಅಂಟಿಕೊಂಡಿತು. ತುಕ್ಕಿಗೆ ಇನ್ನೇನು ಬೇಕು? ಬೆಚ್ಚಗೆ ಚಿಗುರಿತು.

ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತ ಇದನ್ನೆಲ್ಲ ನೋಡುತ್ತಿದ್ದ ಅಜ್ಜಿ, ಅಂದರೆ ಮಾವನ ತಾಯಿ, ಆ ವರ್ಷ ತೀರ್ಪು ಕೊಟ್ಟೇಬಿಟ್ಟಳು.

"ಸಂಕ್ರಾಂತಿ ದಿನ ಇದರ ಎಂಜಿನ್ನು ಹೊತ್ಕಂಡು ಗೇಟು ದಾಟಿದ್ರೆ ಇರ್ಲಿ. ಇಲ್ಲಾಂದ್ರೆ ಹೊನ್ನಾಳಿ ಗುಜರಿಯೋನಿಗೆ ಕೊಡ್ತೀನಿ. ಎಮ್ಮೆ ಕಟ್ಟಾಕೆ ಜಾಗ ಆಗ್ತೈತೆ."

ಮಾವ ಊಟ ಮರೆತು ಯೋಚಿಸಿದ. ಕೊನೆಗೆ ಅವನ ಕಣ್ಣು ಬಿದ್ದದ್ದು ಅಜ್ಜಿಯ ಕೈಯಲ್ಲಿದ್ದ ಅಡಕತ್ತರಿಯ ಮೇಲೆ.

"ನೋಡು, ಅವ್ವನ ಮದುವೆ ಕಾಲದ್ದು. ಒಂದು ಚುಕ್ಕಿ ತುಕ್ಕು ಐತಾ? ಯಾಕಿಲ್ಲ?"

"ದಿನಾ ಬಳಸ್ತಾಳೆ, ಅದಕ್ಕೆ. ಬಳಸದಿದ್ರೆ ಯಾವುದಕ್ಕಾದ್ರೂ ತುಕ್ಕು ಹಿಡಿಯುತ್ತೆ ಮಾವ."

"ಅಲ್ಲ! ಅಡಿಕೆ ಚೊಗರು ಹಿಡಿದೈತೆ, ಅದಕ್ಕೆ!"

ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ನೀರೇ ಚೊಗರು. ಅಡಿಕೆಗೆ ಬಣ್ಣ ಕೊಡಲೆಂದು ನಮ್ಮ ಕಡೆ ಎಲ್ಲರೂ ಅದನ್ನು ಕಾಪಾಡಿಡುತ್ತಾರೆ. ಜೀಪಿಗೆ ಕುಡಿಸಿದವನು ಇವನೊಬ್ಬನೇ ಇರಬೇಕು. ಅಂಗಿ ಕಳಚಿ, ತೆಂಗಿನ ನಾರಿನ ಕುಂಚ ಹಿಡಿದು, ಜೀಪಿನ ಮೈಗೆಲ್ಲ ಬಳಿದ, ಅಡಿಗೆ ಅಂಗಾತ ಮಲಗಿಯೂ ಬಳಿದ. ತಮಾಷೆಯೆಂದರೆ, ಚೊಗರು ತಗುಲಿದಲ್ಲೆಲ್ಲ ಕೆಂಪು ತುಕ್ಕು ಶಾಯಿಯಂತೆ ಕಪ್ಪಾಗಿ ಕೂತಿತು, ಮುಂದೆ ಹರಡಲಿಲ್ಲ! ರಸಾಯನಶಾಸ್ತ್ರದಲ್ಲಿ ಇದಕ್ಕೆ ಕಾರಣವಿದೆ ಎಂದು ನಾನು ವಿವರಿಸಹೋದೆ.

"ಕಾರಣ ಇದ್ರೆ ಇಟ್ಕ. ಮೊದ್ಲು ಆ ಡಬ್ಬಿ ಇತ್ಲಾಗೆ ತಳ್ಳು" ಎಂದು ಜೀಪಿನಡಿಯಿಂದ ದನಿ ಬಂತು.

ಆದರೆ ಚೊಗರಿಗೊಂದು ಕೆಟ್ಟ ಗುಣ, ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ನ್ಯಾಮತಿಯಿಂದ ನೆಂಟರು ಬಂದರು. ಬಿಳಿ ಪಂಚೆ, ಬಿಳಿ ಜುಬ್ಬ. ಜೀಪು ಕಂಡಿದ್ದೇ ಸಾಲಾಗಿ ಅದಕ್ಕೊರಗಿ ನಿಂತು ಫೋಟೋ ತೆಗೆಸಿಕೊಂಡರು. "ಒರಗಬ್ಯಾಡ್ರೀ, ಇನ್ನೂ ಹಸಿ ಐತೆ" ಎಂದು ಮಾವ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಬೆನ್ನು ತಿರುಗಿಸಿದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಫೋಟೋದಲ್ಲಿ ಮಾತ್ರ ಎಲ್ಲರೂ ಗಂಭೀರವಾಗಿ, ಶುಭ್ರವಾಗಿಯೇ ಇದ್ದಾರೆ. ಹಿಂಬದಿಯ ಸಂಗತಿ ಕ್ಯಾಮೆರಾಕ್ಕೇನು ಗೊತ್ತು?

ಆ ಪಂಚೆಗಳನ್ನು ಕಲ್ಲಿಗೆ ಬಡಿಯುತ್ತಿದ್ದ ಅತ್ತೆಯ ಹತ್ತಿರ ಹೋಗಿ, "ನಿಂಗೆ ಸಿಟ್ಟು ಬರಲ್ವಾ ಅತ್ತೆ?" ಎಂದೆ.

"ಯಾಕೆ ಬರಬೇಕು? ಗಾಡಿ ನಂದು."

"ನಿಂದಾ?"

"ಸೊಕ್ಕೆ ಹೊಲದಾಗೆ ನಮ್ಮಪ್ಪ ಕಲಿಸಿದ್ರು. ಕಡ್ಲೆಕಾಯಿ ಚೀಲ ಹೇರ್ಕಂಡು ಜಗಳೂರು ಸಂತೆಗೆ ನಾನೇ ಹೊಡ್ಕಂಡು ಹೋಗ್ತಿದ್ದೆ. ಮದುವೆ ಆದ ಹೊಸ್ತಾಗೆ ಇಲ್ಲಿ ಪ್ಯಾಟಿಗೂ ಒಂದ್ಸಲ ಹೋದೆ. ಅಂಗಡಿಯೋರೆಲ್ಲ ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತ್ರು. ಅವತ್ತು ಸಾಯಂಕಾಲ ನಿಮ್ಮಜ್ಜಿ, ನಮ್ಮನೆ ಸೊಸೆ ಗಾಡಿ ಹೊಡ್ಯಾಕೆ ಬಂದಿಲ್ಲ ಅಂದ್ರು. ಕೀಲಿ ತಂದು ನಿಮ್ಮಾವನ ಕೈಗೆ ಕೊಟ್ಟೆ."

"ಮಾವ ಏನಂದ?"

"ಏನೂ ಅನ್ಲಿಲ್ಲ. ಮಾರನೇ ದಿನ ಎಣ್ಣೆ ಡಬ್ಬಿ ತಂದ್ರು."

ಊರಿನವರ ಕತೆಯಲ್ಲಿ ಈ ಭಾಗ ಬರುವುದೇ ಇಲ್ಲ ನೋಡಿ! ಗುಜರಿಗೆ ಹೋಗಲಿರುವುದು ಅತ್ತೆಯ ಗಾಡಿ ಎಂದು ತಿಳಿದ ಮೇಲೆ ವಾದ ಬದಿಗಿಟ್ಟು ನಾನೂ ಒಂದು ಕುಂಚ ಹಿಡಿದೆ.

ಸಂಕ್ರಾಂತಿ ಬಂತು. ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಸರಿಯಾಗಿ ಹೊನ್ನಾಳಿಯ ಗುಜರಿಯವನೂ ಹಗ್ಗ ಹೆಗಲಿಗೇರಿಸಿ ಬಂದ. ಅಜ್ಜಿ ಮೊದಲೇ ಹೇಳಿ ಕಳಿಸಿದ್ದಳು. ಹೊಸ ಬ್ಯಾಟರಿ ಕೂರಿಸಿ, ಪೆಟ್ರೋಲು ತುಂಬಿ, ಬೆಳಿಗ್ಗೆಯೂ ಒಂದು ಕೈ ಚೊಗರು ಬಳಿದಿದ್ದ ಮಾವ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಜೀಪು ಸೀನಿತು. ಮತ್ತೆ ತಿರುಗಿಸಿದ. ಕೆಮ್ಮಿತು.

"ಯಾಕೆ ಸಾವ್ಕಾರ್ರೇ, ಸುಮ್ನೆ ಸೊಂಟ ನೋಯಿಸ್ಕಂತೀರಿ?" ಎಂದು ಗುಜರಿಯವನು ಹಗ್ಗ ಬಿಚ್ಚತೊಡಗಿದ. ಅಷ್ಟರಲ್ಲಿ ಒಮ್ಮೆಲೇ ಹೊಗೆ ಕಾರಿ ಎಂಜಿನ್ನು ಗುಡುಗಿತು!

ಅಜ್ಜಿ ಸೋಲುವವಳೇ? "ಹೊತ್ಕಂಡ್ರೆ ಆಯ್ತಾ? ಗೇಟು ದಾಟಿಸೋರು ಯಾರು? ಬಸ್ಸಿನ ಡ್ರೈವರ್‌ನ ಕರೀತೀನಿ ಅಂದಿದ್ಯಲ್ಲ, ಎಲ್ಲವನೆ?"

ಮಾವ ಯಾರನ್ನೂ ಕರೆದಿರಲಿಲ್ಲ. ಕೈಯ ಚೊಗರನ್ನು ಹಬ್ಬದ ಪಂಚೆಗೇ ಒರೆಸಿಕೊಂಡ. ತಾಯಿಯ ಮುಖ ನೋಡದೆ ಅಡುಗೆಮನೆಯ ಕಡೆಗೆ ಕೂಗಿದ.

"ಏನೇ, ಹೊತ್ಕಂಡೈತೆ. ಬಾ."

ಅತ್ತೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು, ನಿನ್ನೆಯಷ್ಟೇ ಓಡಿಸಿದವಳ ಹಾಗೆ ಗೇರು ಹಾಕಿದಳು. ಬಳಸದಿದ್ದರೆ ಯಾವುದಕ್ಕಾದರೂ ತುಕ್ಕು ಹಿಡಿಯುತ್ತದೆ ಎಂಬ ನನ್ನ ವಾದ ಅಂಗಳದಲ್ಲೇ ಮಗುಚಿಬಿತ್ತು! ಗೇಟು ತೆರೆದವನು ಗುಜರಿಯವನೇ. ಅಜ್ಜಿಯ ಅಡಕತ್ತರಿ ನಿಂತಿತ್ತು. ಜೀಪು ಜಗುಲಿಯ ಎದುರಿಗೆ ಬಂದಾಗ, "ಸೆರಗು ನೋಡ್ಕ, ಎಲ್ಲಾದ್ರೂ ಸಿಕ್ಕೀತು" ಎಂದಳು. ಅಷ್ಟೇ.

ತ್ಯಾವಣಿಗೆ ರಸ್ತೆಯ ಗುಂಡಿಗಳಲ್ಲಿ ನಾವು ಎಗರೆಗರಿ ಬೀಳುತ್ತ ಹೋದೆವು. ಅತ್ತೆಯ ಪಕ್ಕದಲ್ಲಿ ಮಾವ ಎರಡೂ ಕೈಯಲ್ಲಿ ಸರಳು ಹಿಡಿದು ಕೂತಿದ್ದ. ಹೆದರಿಕೆಯೇ ಎಂದರೆ, ಹೆದರಿದವನು ರಸ್ತೆ ನೋಡಬೇಕಲ್ಲ? ಅವನು ನೋಡುತ್ತಿದ್ದುದು ಅತ್ತೆಯ ಕೈಗಳನ್ನು. ಹಿಂದೆ ಕೂತಿದ್ದ ನಾನು ಮುಂದಕ್ಕೆ ಬಾಗಿ, ಎಂಜಿನ್ನಿನ ಸದ್ದನ್ನು ಮೀರಿ ಕೂಗಿ ಕೇಳಿದೆ:

"ಮಾವಾ, ಇಷ್ಟು ಚಳಿಗಾಲ ಎಣ್ಣೆ, ಕಂಬಳಿ, ಚೊಗರು ಅಂತ ಒದ್ದಾಡಿದ್ಯಲ್ಲ, 'ಅವಳು ಓಡಿಸ್ಲಿ ಬಿಡವ್ವ' ಅಂತ ಅಜ್ಜಿ ಹತ್ರ ಒಂದು ಮಾತು ಹೇಳಾಕೆ ಆಗ್ಲಿಲ್ವಾ ನಿಂಗೆ?"