ಕಾಕಾ ಮತ್ತು ಎಡಗಡೆ ಪೈಡಲ್

ನಮ್ಮ ಕಾಕಾ ಜನರ ಮಾರಿ ನೋಡಿ ಗುರುತು ಹಿಡಿದವರೇ ಅಲ್ಲ! ಬೀದರಿನ ರಸ್ತೆಯಲ್ಲಿ ಯಾರಾದರೂ ಶರಣು ಅಂದರೆ ಮೊದಲು ಕೆಳಗೆ ನೋಡುವರು. ಸೈಕಲ್ ಇತ್ತೋ, ಗುರುತು ಸಿಕ್ಕಿತು. ಇರಲಿಲ್ಲವೋ, ಯಾರೋ ಏನೋ! ನಾನು ಅವರ ಸ್ವಂತ ಅಣ್ಣನ ಮಗಳು. ನನಗೂ ಒಮ್ಮೆ "ಯಾರವಾ ನೀ?" ಅಂದರು. ಅದೂ ನಮ್ಮ ಮನೆಯೊಳಗೇ!

ಅದು ನಿಜಾಮರ ಕಾಲ. ಸೈಕಲ್ಲು ವಿಲಾಯತಿಯಿಂದ ಹಡಗಿನಲ್ಲಿ ಬರಬೇಕು. ಏನಾದರೂ ಮುರಿದರೆ ಜನ ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಂಡು ಸೈಕಲ್ ಹೊಡೆಯುತ್ತಿದ್ದರು. ಕಾಕಾಗೆ ಇದು ಮಹಾಪಾಪ. ಹಲ್ಲುಚಕ್ರದ ನಕಾಶಿ ನೋಡಿಯೇ ಕಂಪನಿ ಹೇಳುವರು. ಎಡ ಬಲ ಪೈಡಲ್ ಜೋಡಿ ತಪ್ಪಿದ್ದರಂತೂ ಸವಾರನನ್ನು ಅಲ್ಲೇ ಇಳಿಸಿ, ಬೈಯುತ್ತ ಅವನ ಅಪ್ಪ ಅಜ್ಜನವರೆಗೂ ಹೋಗುವರು.

ನನಗೊಂದು ಗಂಡು ನೋಡಲು ಇವರನ್ನೇ ಭಾಲ್ಕಿಗೆ ಕಳಿಸಿದರು ನೋಡ್ರಿ. ಬೇರೆ ಯಾರೂ ಇರಲಿಲ್ಲವೇ? ಸಂಜೆಗೆ ತಿರುಗಿ ಬಂದರು.

"ಹುಡುಗ ಹ್ಯಾಂಗದಾನೋ?" ಅಂದರು ಅಪ್ಪ.

"ಹುಡುಗನ್ನ ನೋಡ್ಲಿಲ್ಲ. ಸೈಕಲ್ಲಿಂದು ಹಿಂದಿನ ಗಾಲಿ ಬ್ಯಾರೆ ಕಂಪನಿದು. ಮ್ಯಾಲ ಬಣ್ಣ ಬಳದು ಮುಚ್ಚ್ಯಾನ! ಇಂಥವಗ ಹೆಣ್ಣು ಕೊಡೂದಾ?"

ಮುಂದೆ ನನ್ನ ಲಗ್ನ ಸೈಕಲ್ಲೇ ಇಲ್ಲದವರ ಜೊತೆ ಆಯಿತು. ಕಾಕಾಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ.

ಇನ್ನೊಮ್ಮೆ ನಮ್ಮ ಮಿಶನ್ ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದೆವು. ಹೊರಗೆ ಯಾರದೋ ಸೈಕಲ್ ಟಕ್, ಟಕ್ ಅನ್ನುತ್ತ ಹೋಯಿತು. ಕಾಕಾ ಕಣ್ಣು ತೆರೆಯದೆಯೇ ದೊಡ್ಡ ದನಿಯಲ್ಲಿ, "ಪೈಡಲಿನ ಕಾಟರ್ ಪಿನ್ ಸವದದ" ಅಂದರು. ಅರ್ಧ ಸಭೆ ಭಕ್ತಿಯಿಂದ "ಆಮೆನ್" ಅಂದಿತು!

ಇಂಥವರ ಜೊತೆ ಬಾಳುವೆ ಮಾಡಿದಾಕೆ ನಮ್ಮ ಕಾಕು. ಮಿಶನ್ನಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದಳು. ಅವಳ ಎಡಗಾಲು ಹುಟ್ಟಿನಿಂದಲೇ ನಾಲ್ಕು ಬೆರಳಿನಷ್ಟು ಗಿಡ್ಡ. ಸಾಲಿ ಊರಿನ ಆ ತುದಿಗೆ. ಒಂದು ಬೇಸಿಗೆಯಲ್ಲಿ ಸೋತು ಹೇಳಿಯೇಬಿಟ್ಟಳು: "ರಜಾ ಮುಗದ ಮ್ಯಾಲ ನಾ ಸಾಲಿ ಬಿಡ್ತೇನ್ರಿ. ನಡೀಲಿಕ್ಕ ಆಗವಲ್ದು." ಹೇಳುವಾಗ ಅಳುತ್ತಿದ್ದಳು. ಆ ಹುಡುಗಿಯರೆಂದರೆ ಅವಳಿಗೆ ಜೀವ.

ಕಾಕಾ ಏನು ಮಾಡಿದರು? ಮರುದಿನವೇ ಸೈಕಲ್ ಸಾಮಾನು ಹುಡುಕಲು ಔರಾದಕ್ಕೆ ಹೊರಟರು!

"ಊರ ಮಂದಿ ಪೈಡಲ್ ಕಾಣಸ್ತಾವ, ಹೆಂಡ್ತಿ ಕಾಲು ಕಾಣಸಂಗಿಲ್ಲ!" ಅಂದಳು ಕಾಕು. ನನಗೂ ಮೈಯೆಲ್ಲ ಉರಿಯಿತು. ಗಂಡನಾ ಇವರು?

ಬೇಸಿಗೆಯೆಲ್ಲ ಔರಾದ, ಭಾಲ್ಕಿ, ಎಕಂಬಾ ಸುತ್ತಿದರು. ನಡುವೆ ಒಂದು ದಿನ, ತೊಗರಿಬ್ಯಾಳಿ ಹಸನು ಮಾಡುತ್ತ ಕೂತಿದ್ದ ಕಾಕುವಿನ ಕಾಲಿಗೆ ದಾರ ಹಿಡಿದು ಅಳೆದರು.

"ನನ್ನೂ ಸೈಕಲ್ ಅಂತ ತಿಳದೀರೇನು?" ಅಂತ ಅವಳು ಮೊರ ಎತ್ತಿದಳು.

ರಜಾ ಮುಗಿಯುವ ಮುಂಚಿನ ಶನಿವಾರ ಹಿತ್ತಲಿನಿಂದ ಕಾಕಾ ಒಂದು ಸೈಕಲ್ ತಳ್ಳಿಕೊಂಡು ಬಂದರು. ಮಿಶನ್ನಿನ ಬಿಳಿಯ ಮಡಮ್ಮ ತಮ್ಮ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಹೆಂಗಸರ ಸೈಕಲ್. ಬಲಗಡೆ ಪೈಡಲಿನ ದಂಡ ಉದ್ದ, ಅದೇ ಕಂಪನಿಯದು. ಎಡಗಡೆ? ಔರಾದದ ಯಾವುದೋ ಸಣ್ಣ ಹುಡುಗನ ಸೈಕಲ್ಲಿನ ಗಿಡ್ಡ ದಂಡ! ಆ ಪೈಡಲಿನ ಮೇಲೆ ಕಟ್ಟಿಗೆಯ ತುಂಡು ಬೇರೆ.

ಓಣಿಯ ಮಂದಿ ನೆರೆದು ನಕ್ಕರು. "ಏನ್ರಿ ಇದು? ಜೋಡಿ ತಪ್ಪೇದಲ್ರಿ!"

"ಆಕಿ ಕಾಲಿಗಿ ಬರೋಬ್ಬರಿ ಅದ," ಅಂದರು ಕಾಕಾ. ತಲೆ ಎತ್ತಲಿಲ್ಲ.

ಕಾಕು ಎರಡು ಸಲ ಬಿದ್ದಳು. ಮೂರನೆಯ ಸಲ ಕಾಕಾ ಹಿಂದಿನಿಂದ ಸೀಟು ಹಿಡಿದು ಓಡಿದರು. ಸೀರೆ ಎತ್ತಿ ಕಟ್ಟಿ ನಾನೂ ಪಕ್ಕದಲ್ಲೇ ಓಡಿದೆ. ಬಾವಿಯ ತಿರುವಿನಲ್ಲಿ ಕಾಕಾ ಸುಮ್ಮನೆ ಕೈಬಿಟ್ಟರು.

ಅವಳಿಗೆ ಗೊತ್ತೇ ಆಗಲಿಲ್ಲ. "ಬಿಡಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ... ನಡದದರಿ! ಸೋಮವಾರ ನಾ ಸಾಲಿಗಿ ಹೋಗ್ತೇನಿ, ಕೇಳಸ್ತೇನ್ರಿ?" ಅನ್ನುತ್ತ ಹೋಗುತ್ತಲೇ ಇದ್ದಳು.

ಹಿಂದಕ್ಕೆ ತಿರುಗಿ ನೋಡಿದೆ. ಕಾಕಾ ನಡುರಸ್ತೆಯಲ್ಲಿ ಕೂತುಬಿಟ್ಟಿದ್ದರು. ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಳ್ಳುತ್ತ, ಅಷ್ಟು ದೂರದಿಂದ, "ಹೂಂ, ಹೋಗು... ಹೋಗು," ಅನ್ನುತ್ತಿದ್ದರು.