ಫ್ರಿಜ್ ಬಂದಾಗ ತೆಗೀರಿ

ಅಲ್ಲಾಡ್ಬೇಡಿಯಣ್ಣ ಹಳೇ ಬನಿಯನ್ ತುಂಡಿನಿಂದ ಕ್ಯಾಮೆರಾ ಲೆನ್ಸ್ ಒರೆಸುತ್ತಿದ್ದ. ಪಾಸ್‌ಪೋರ್ಟ್ ಫೋಟೋ ತೆಗೆಯುವಾಗೆಲ್ಲ 'ಅಲ್ಲಾಡ್ಬೇಡಿ' ಎಂದು ಕೂಗಿ ಕೂಗಿ ಬಂದ ಹೆಸರದು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಅವನ ಸ್ಟುಡಿಯೋದಲ್ಲಿ ನೊಣ. ಅಂಥದ್ದರಲ್ಲಿ ಹಿಪ್‌ಹಾಪ್ ಕುಣಿಯುವ ಹುಡುಗಿಯೊಬ್ಬಳು ಬಂದಿದ್ದಳು. ಸ್ಪರ್ಧೆಗೆ ಇವತ್ತೇ ಒಂದು ಫೋಟೋ ಕಳಿಸಬೇಕು. ಚೆನ್ನಾಗಿ ಬಂದರೆ ಇನ್ನು ತಂಡದ ಫೋಟೋಗಳೆಲ್ಲ ಅವನಿಗೇ.

"ಅಂಕಲ್, ನಾನು ಕುಣೀತಾ ಇರ್ತೀನಿ. ಫ್ರೀಜ್ ಬಂದ ತಕ್ಷಣ ತೆಗೀರಿ."

ಒರೆಸುವ ಭರದಲ್ಲಿ ಅವನ ಕಿವಿಗೆ ಬಿದ್ದದ್ದು ಫ್ರಿಜ್. ಯಾಕೆ ಎಂದು ಕೇಳಿದರೆ ಹಳೇ ಕಾಲದವನು ಅಂದುಕೊಂಡಾಳೆಂದು ಸುಮ್ಮನೆ ತಲೆಯಾಡಿಸಿದ.

ಇಬ್ಬರೂ ಹೊರಗೆ ಬಂದರು. ಬೀದಿಯ ಗೋಡೆ ತುಂಬ ಹುಲಿಯ ಮುಖ. ಪೇಂಟರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಏಣಿ ಮೇಲೆ ಮೀಸೆ ತಿದ್ದುತ್ತಿದ್ದ. ಕೆಳದವಡೆ ಇನ್ನೂ ಬಾಕಿ. ಹುಡುಗಿ ಬುಗುರಿಯಂತೆ ಸುತ್ತಿ, ತಲೆಕೆಳಗಾಗಿ ಒಂದೇ ಕೈ ಮೇಲೆ ಕಲ್ಲಾಗಿ ನಿಂತಳು. ಅಲ್ಲಾಡ್ಬೇಡಿಯಣ್ಣ ರಸ್ತೆಯ ತುದಿಯನ್ನೇ ನೋಡುತ್ತಿದ್ದ.

"ಸಿಕ್ತಾ ಅಂಕಲ್?"

"ಇನ್ನೂ ಬಂದಿಲ್ಲಮ್ಮ."

ತನ್ನ ಫ್ರೀಜ್ ಸರಿಯಾಗಿ ಬರಲಿಲ್ಲ ಅಂದುಕೊಂಡಳು. ಮತ್ತೆ ನಿಂತಳು. ಬಂದಿಲ್ಲ. ಮುಖ ಟೊಮೇಟೊ ಆಗುವ ತನಕ ನಿಂತಳು. ಬಂದೇ ಇಲ್ಲ.

"ವರ್ಷಗಟ್ಟಲೆ ಕಲ್ತಿದೀನಿ, ಬಂದಿಲ್ಲ ಅಂತೀರಲ್ಲ!" ಎಂದು ಅಳುತ್ತಾ ಕೂತೇಬಿಟ್ಟಳು.

ಎದುರಂಗಡಿ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದ. "ಏನೋ ಮಾಡ್ದೆ ಮಗೂಗೆ?"

"ನಾನೇನ್ ಮಾಡ್ಲಿ ಮಾರಾಯ! ಫ್ರಿಜ್ ತರೋನು ಕೈ ಕೊಟ್ಟಿರ್ಬೇಕು, ಪಾಪ."

"ಅಷ್ಟಕ್ಕೇ ಅಳೋದಾ? ನಿಮ್ಮಕ್ಕಂದು ಇದ್ಯಲ್ಲೋ!"

ಮೂರನೇ ಮಹಡಿಯ ಅಕ್ಕನ ಮನೆಯಿಂದ ಇಬ್ಬರೂ ಫ್ರಿಜ್ಜನ್ನು ಆನೆಮರಿ ಇಳಿಸಿದ ಹಾಗೆ ಇಳಿಸಿದರು. ಹಿಂದೆಯೇ ಹಾಲಿನ ಪಾತ್ರೆ ಹಿಡಿದ ಅಕ್ಕ. "ಲೋ ಕತ್ತೆ, ಹೊಸಾದು ಕಣೋ! ಒಂದು ಗೀರು ಬಿದ್ರೆ ಚರ್ಮ ಸುಲೀತೀನಿ!"

ಬೆಳ್ಳನೆಯ ಫ್ರಿಜ್ ಹುಲಿಯ ಮೂತಿಯ ಕೆಳಗೆ ಗೋಡೆಗೆ ಆತು ನಿಂತಿತು. ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. "ಇದ್ಯಾಕೆ ಅಂಕಲ್?"

"ನೀನೇ ಹೇಳ್ದೆಯಲ್ಲಮ್ಮ, ಫ್ರಿಜ್ ಬಂದಾಗ ತೆಗೀರಿ ಅಂತ."

"ಅಯ್ಯೋ, ಫ್ರಿಜ್ ಅಲ್ಲ, ಫ್ರೀಜ್! ಕುಣೀತಾ ಕುಣೀತಾ ಹಾಗೇ ನಿಂತುಬಿಡೋದು!"

ಎಲ್ಲರೂ ಅವಳ ಬಾಯಿ ನೋಡುತ್ತಿರುವಾಗ ಬೆನ್ನ ಹಿಂದೆ ಸ್ಪ್ರೇ ಪೇಂಟಿನ ಡಬ್ಬಿ 'ಬುಸ್' ಎಂದಿತು. ತಿರುಗಿದರು. ಏಣಿಯಿಂದ ಇಳಿದ ಪೇಂಟರ್ ಫ್ರಿಜ್ ಬಾಗಿಲ ಮೇಲೆ ಕೆಂಪು ದವಡೆ, ಕೋರೆಹಲ್ಲು ಎಲ್ಲ ಮುಗಿಸಿದ್ದ.

"ದವಡೆ ಉಬ್ಬಿ ಬರ್ಬೇಕು ಅಂತಿದ್ದೆ. ಒಳ್ಳೇದು ತಂದ್ರಿ," ಎಂದ.

ಅಕ್ಕನ ಕೈಯಿಂದ ಪಾತ್ರೆ ಜಾರಿತು. ಹಾಲು ರಸ್ತೆ ಮೇಲೆ ಹರಿಯಿತು.

ಹುಡುಗಿ ಮಾತ್ರ ಕಿರುಚಿ ಕುಣಿದಳು. ಹಾಲಿನಿಂದ ಎರಡು ಅಡಿ ಆಚೆ, ಹುಲಿಯ ಮುಂದೆ ತಲೆಕೆಳಗಾದಳು. "ಅಂಕಲ್, ಬಂತು! ತೆಗೀರಿ, ತೆಗೀರಿ!"

ಅಲ್ಲಾಡ್ಬೇಡಿಯಣ್ಣನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಹೇಳಿದ್ದನ್ನು ಮಾಡಿದ. ಹೋಗಿ ಫ್ರಿಜ್ ತೆಗೆದ.

ಹುಲಿ ಬಾಯಿ ಬಿಟ್ಟಿತು. ಒಳಗೆ ಒಂದು ಎಲೆಕೋಸು. ಟೈಲರ್ ಮೊಬೈಲಲ್ಲಿ ಟಕ್ಕೆಂದು ಹೊಡೆದ.

"ಇದೇ! ಇದನ್ನೇ ಕಳಿಸ್ತೀನಿ!" ಹುಡುಗಿ ಕುಪ್ಪಳಿಸಿದಳು. "ಟೈಲರ್ ಅಂಕಲ್, ಇನ್ಮೇಲೆ ನಮ್ ಫೋಟೋ ಎಲ್ಲಾ ನೀವೇ!"

ಅವರಿಬ್ಬರೂ ಮೊಬೈಲ್ ನೋಡುತ್ತಾ ನಡೆದರು. ಪೇಂಟರ್ ಹೆಡ್‌ಫೋನ್ ಸರಿಮಾಡಿಕೊಂಡು ಏಣಿ ಹತ್ತಿದ. ಅಕ್ಕ ಖಾಲಿ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು.

"ಯಾರಾದ್ರೂ ಒಂದು ಕೈ ಹಿಡೀರಪ್ಪ," ಎಂದ ಅಲ್ಲಾಡ್ಬೇಡಿಯಣ್ಣ, ಒಬ್ಬನೇ ಫ್ರಿಜ್ ತಬ್ಬಿಕೊಂಡು.